ಹಿಮದ ಗಾಡಿಗೆ ಯಾವ ಆಯಿಲ್

ಡಿಸೆಂಬರ್ 8, ಭಾನುವಾರ

ಇವತ್ತು ನನ್ನ ಬಾಯಿಯಿಂದಲೇ ನಾನು ಕೆಟ್ಟೆ.

ಹನ್ನೊಂದು ಮಕ್ಕಳ ಶಾಲೆ, ಅದಕ್ಕೆ ಹದಿನಾಲ್ಕು ಜನರ ಪಾಲಕರ ಸಂಘ. ಹತ್ತು ಗಂಟೆಗೆ ಸಭೆ ಎಂದರೆ ಹತ್ತಕ್ಕೆ ಮೊದಲೇ ಎಲ್ಲರೂ ಬಂದು, ಬೂಟು ಬಿಚ್ಚಿ, ಶಾಲೆಯ ಒಳಚಪ್ಪಲಿ ಮೆಟ್ಟಿ, ತೊಡೆಯ ಮೇಲೆ ಕೈಯಿಟ್ಟು, ಗೋಡೆಗೆ ನೇತುಹಾಕಿದ ಹಿರಿಯರ ಫೋಟೋಗಳ ಹಾಗೆ ಕೂತಿರುತ್ತಾರೆ. ಸರಿಯಾದ ಹೊತ್ತಿಗೆ ಹೋದ ನಾನು ತಡವಾಗಿ ಬಂದವನಾದೆ.

ಶಾಲೆ ಮಾರ್ಚಿಗೆ ಮುಚ್ಚುತ್ತದೆ. ಅದರ ಹಿಂದಿನ ಗುಡ್ಡದಲ್ಲಿ ಪ್ರತಿ ಫೆಬ್ರವರಿ ಸುತ್ತಲಿನ ನಾಲ್ಕು ಶಾಲೆಗಳ ಮಕ್ಕಳ ಸ್ಕೀ ಓಟ. ಈ ಸಲದ್ದು ಕೊನೆಯದು. ಓಟವೆಂದರೆ ಮೇಲಿಂದ ಕೆಳಕ್ಕೆ ಜಾರುವ ಮೋಜಲ್ಲ. ಎರಡು ಸಪೂರ ಹಲಗೆ ಕಾಲಿಗೆ ಕಟ್ಟಿಕೊಂಡು ಗುಡ್ಡ ಹತ್ತುವುದು, ಇಳಿಯುವುದು, ಬಯಲು ಸುತ್ತಿ ಏದುಸಿರು ಬಿಡುತ್ತ ಹೊರಟಲ್ಲಿಗೇ ಬರುವುದು. ಹೊರಟಲ್ಲಿಗೇ ಬರುವುದಾದರೆ ಹೋಗಿದ್ದೇಕೆ ಎಂದು ಈ ದೇಶದಲ್ಲಿ ಯಾರೂ ಕೇಳುವುದಿಲ್ಲ. ಆ ಹಲಗೆಗಳು ಓಡಲು ಹಿಮದ ಮೇಲೆ ಜೋಡಿ ಗೆರೆಯ ಜಾಡು ಬೇಕು. ಹಿಮ ಬಿದ್ದಾಗಲೆಲ್ಲ ಜಾಡು ಮುಚ್ಚುತ್ತದೆ, ಇಲ್ಲಿ ಹಿಮ ದಿನಾ ಬೀಳುತ್ತದೆ. ಸ್ನೋಮೊಬೈಲ್ ಎಂಬ ಹಿಮದ ಗಾಡಿಯ ಹಿಂದೆ ಕಬ್ಬಿಣದ ಚೌಕಟ್ಟು ಕಟ್ಟಿಕೊಂಡು ದಿನಾ ಬೆಳಗ್ಗೆ ಜಾಡು ಹಾಕುವುದು ಪಾಲಕರ ಕೆಲಸ. ಆರು ವರ್ಷ ಓಡಿಸಿದವನ ಮಗ ಪಾಸಾಗಿ ಹೋದ. ಮಗನ ಜೊತೆ ಅಪ್ಪನಿಗೂ ಬಿಡುಗಡೆ.

ಅಧ್ಯಕ್ಷ ಕಿಕುಚಿ-ಸಾನ್ ಹಸು ಸಾಕುವವನು. ಹಸುಗಳ ಸಹವಾಸದಿಂದ ಮಾತನ್ನೂ ಮೆಲುಕು ಹಾಕುತ್ತಾನೆ. "ಈ ವರ್ಷ ಆ ಕೆಲಸ, ಯಾರಾದರೂ..." ಎಂದು ಅರ್ಧಕ್ಕೆ ಬಿಟ್ಟ. ಎಲ್ಲರೂ ಮೇಜು ನೋಡಿದರು. ಮೌನ ಎಂಬುದು ನನಗೆ ತುರಿಕೆ ಇದ್ದ ಹಾಗೆ.

"ಅದು ಟೂ-ಸ್ಟ್ರೋಕ್ ಇಂಜಿನ್ ಅಲ್ಲವೇ?" ಎಂದೆ. "ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹನ್ನೆರಡು ವರ್ಷ ಟೂ-ಸ್ಟ್ರೋಕ್ ಪಿಸ್ಟನ್ ಮಾರಿದವನು ನಾನು."

ಚಪ್ಪಾಳೆ. ಅಷ್ಟೇ. ನೇಮಕ ಆಗಿಹೋಯಿತು. ಬಲೆ ಬೀಸಲೂ ಇಲ್ಲ, ಮೀನೇ ಬುಟ್ಟಿಗೆ ಹಾರಿತು.

ಮನೆಯಲ್ಲಿ ಸತ್ಯಭಾಮಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಟೋಕಿಯೊ ಆಫೀಸಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ, ನನ್ನಲ್ಲಿ ಹುಡುಕುವುದು ಹವ್ಯಾಸ. "ಬಾಯಿ ಮುಚ್ಕೊಂಡು ಕೂತಿದ್ರೆ ಏನ್ರೀ ಗಂಟು ಹೋಗ್ತಿತ್ತು?"

"ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಇವತ್ತೂ ಜೆ.ಸಿ. ರೋಡಲ್ಲಿ ಟೀ ತರ್ತಾ ಇರ್ತಿದ್ದೆ."

ಅದಂತೂ ನಿಜ. ಅಂಗಡಿಯ ಟೀ ಹುಡುಗ ಇವತ್ತು ಜಪಾನಿನ ಹೊಕ್ಕೈದೊದಲ್ಲಿ ಹಳೆ ಟ್ರಾಕ್ಟರ್ ಕೊಂಡು ಮೂರು ದೇಶಕ್ಕೆ ಕಳಿಸುತ್ತಿದ್ದರೆ ಅದು ಈ ನಾಲಿಗೆಯ ಆದಾಯ.

ಅಮೂಲ್ಯ ಮಾತ್ರ ಓಡಿ ಬಂದಳು. "ಅಪ್ಪ, ಯು ಆರ್ ಡೂಯಿಂಗ್ ಇಟ್? ಹೊಂತೋ?" ನಿಜವಾ ಎಂದು ಎರಡು ಸಲ ಕೇಳಿದಳು. ಆರನೇ ತರಗತಿಗೆ ಅವಳೊಬ್ಬಳೇ ವಿದ್ಯಾರ್ಥಿನಿ. ಓಟದ ದಿನ ಶಾಲೆ ಬಿಡುವ ಆರನೆಯವರು ಹೊಸ ಜಾಡಿನ ಮೇಲೆ ಎಲ್ಲರಿಗಿಂತ ಮುಂಚೆ ಒಂದು ಸುತ್ತು ಹೋಗಬೇಕಂತೆ. ಅದಾದ ಮೇಲೇ ಓಟ. ಈ ಸಲ ಆ ಸುತ್ತು ಅವಳೊಬ್ಬಳದೇ. ಒಂದನೇ ತರಗತಿಯಿಂದ ಕಾಯುತ್ತಿದ್ದಾಳಂತೆ. ಆರು ವರ್ಷ ಕಾಯಲು ಅದರಲ್ಲಿ ಏನಿದೆಯೋ. ಬಹುಮಾನವೂ ಇಲ್ಲ.

ಡಿಸೆಂಬರ್ 10

ಗಾಡಿ ನೋಡಿದೆ. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಬಂದ ಹಳದಿ ಮುದುಕಿ. ಸೀಟು ಹರಿದಿದೆ, ಹೆಡ್‌ಲೈಟಿಗೆ ಪೊರೆ ಬಂದಿದೆ. ಇಂಜಿನ್ ಗಟ್ಟಿ. ಎರಡು ಸಿಲಿಂಡರ್. ಪೆಟ್ರೋಲಿಗೊಂದು ಟ್ಯಾಂಕು, ಆಯಿಲಿಗೊಂದು. ಆಯಿಲ್ಲನ್ನು ಇಂಜಿನ್ನಿಗೆ ಊಡಲು ಪುಟ್ಟ ಪಂಪು. ಆಯಿಲ್ ಟ್ಯಾಂಕಿನ ತಳದಲ್ಲಿ ಯಾವುದೋ ಕಾಲದ ಕಷಾಯ.

ಇಷ್ಟು ವರ್ಷ ಯಾವ ಆಯಿಲ್ ಹಾಕಿದ್ದೀರಿ ಎಂದು ಕಿಕುಚಿಯನ್ನು ಕೇಳಿದೆ.

"ಪ್ರತಿ ವರ್ಷದ್ದೇ."

"ಪ್ರತಿ ವರ್ಷ ಯಾವುದು?"

ಯೋಚಿಸಿದ. ಒಂದು ಹಸು ಕರು ಹಾಕಿ ಅದನ್ನು ನೆಕ್ಕಿ ಮುಗಿಸುವಷ್ಟು ಹೊತ್ತು ಯೋಚಿಸಿದ. "ಹೋದ ವರ್ಷದ್ದೇ," ಎಂದ.

ಡಿಸೆಂಬರ್ 13

ಕಾವಾಸಾಕಿ ನಗರದಿಂದ ಭಾಮೆಯ ತಮ್ಮ ವಿವೇಕನ ಫೋನು. ಅಕ್ಕ ಹೇಳಿದ್ದಾಳೆ, ತಮ್ಮ ಸಂಶೋಧನೆ ಮಾಡಿದ್ದಾನೆ. ಎಂಟು ಆಯಿಲ್‌ಗಳನ್ನು ಹೋಲಿಸಿ ಬಣ್ಣಬಣ್ಣದ ಕೋಷ್ಟಕ ಕಳಿಸಿದ್ದಾನೆ. ಇಂಜಿನಿಯರ್ ಎಂದರೆ ಹೀಗೆ: ಹೆಂಡತಿ ತರಕಾರಿ ತಾ ಎಂದರೂ ಮೊದಲು ಕೋಷ್ಟಕ.

"ಭಾವ, ಪೋರ್ ಪಾಯಿಂಟ್ ನೋಡಿದ್ರಾ?"

"ಏನಪ್ಪ ಅದು?"

"ಎಷ್ಟು ಚಳಿಗೆ ಆಯಿಲ್ ಹರಿಯೋದು ನಿಲ್ಸುತ್ತೆ ಅಂತ. ನಿಮ್ಮ ಕಡೆ ಮೈನಸ್ ಟ್ವೆಂಟಿಫೈವ್ ಹೋಗುತ್ತಲ್ವಾ? ಸ್ನೋಮೊಬೈಲ್‌ಗೇ ಅಂತ ಬೇರೆ ಆಯಿಲ್ ಇದೆ. ಅದನ್ನೇ ತಗೊಳ್ಳಿ."

"ನೀನು ಯಾವತ್ತಾದ್ರೂ ಟೂ-ಸ್ಟ್ರೋಕ್ ಗಾಡಿ ಬಿಚ್ಚಿದ್ದೀಯಾ?"

"ನಾನು ಓಡ್ಸೂ ಇಲ್ಲ ಭಾವ. ನನ್ನ ಕಾಲಕ್ಕೆ ಬ್ಯಾನ್ ಆಗಿತ್ತು."

"ಹಂಗಾದ್ರೆ ಪಾಯಿಂಟು ಬಿಟ್ಟು ಬೇರೆ ಏನಾದ್ರೂ ಮಾತಾಡು."

ಬೇರೆ ಡಬ್ಬಿ, ಬೇರೆ ಬಣ್ಣ, ಬೇರೆ ಬೆಲೆ. ಕಂಪನಿಯವನು ಡಬ್ಬಿಯ ಮೇಲೆ ಆರು ಎಸಳಿನ ಹಿಮಬಿಲ್ಲೆಯ ಚಿತ್ರ ಅಂಟಿಸುತ್ತಾನೆ, ಓದಿದವರು ಅದನ್ನು ಓದುತ್ತಾರೆ. ಮಾರುವ ಕಡೆ ನಿಂತವನಿಗೆ ಗೊತ್ತು ಚಿತ್ರದ ಮಹಿಮೆ.

ಡಿಸೆಂಬರ್ 15, ಭಾನುವಾರ

ಆಯಿಲ್ ತೀರ್ಮಾನಕ್ಕೂ ಒಂದು ಸಭೆ. ಈ ಸಲ ನಾನೇ ಮಾತಾಡಿದೆ, ತಡೆಯಿಲ್ಲದೆ.

ಪಂಪು ಎಂಬುದೇ ಮೋಸ ಎಂದೆ. ಅದು ಯಾವತ್ತು ಕೈ ಕೊಡುತ್ತದೋ ಹೇಳಲಾಗದು. ನಮ್ಮೂರಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಯಾರೇ ಆಗಲಿ ಗಾಡಿ ಬಂದ ಮರುದಿನ ಪಂಪಿನ ಬಾಯಿಗೆ ಬಿರಡೆ ಜಡಿಯುತ್ತಿದ್ದ. ಬಂಕಿಗೆ ಹೋದರೆ ಪೆಟ್ರೋಲಿನ ಮೇಲೆ ಟೂ-ಟಿ ಆಯಿಲ್ ಸುರಿಯುತ್ತಿದ್ದರು, ಗಾಡಿಯನ್ನು ನಾಲ್ಕು ಸಲ ಅಲ್ಲಾಡಿಸಿದರೆ ಬೆರೆಯಿತು, ಹೊಗೆ ಬಂದರೆ ಜೀವ ಇದೆ ಎಂದು ಲೆಕ್ಕ. ಇಡೀ ಬೆಂಗಳೂರಿನ ಆಟೋಗಳು ಹಾಗೇ ಓಡಿದವು. ಇಲ್ಲಿಯೂ ಹಾಗೇ ಮಾಡೋಣ. ಹಾರ್ಡ್‌ವೇರ್ ಅಂಗಡಿಯ ಹುಲ್ಲು ಕತ್ತರಿಸುವ ಮೆಷಿನ್ನಿನ ಕೆಂಪು ಆಯಿಲ್ ಸಾಕು. ಟೂ-ಸ್ಟ್ರೋಕ್ ಎಂದರೆ ಟೂ-ಸ್ಟ್ರೋಕ್.

"ನಾರುಹೊದೊ," ಎಂದ ಕಿಕುಚಿ. ಹಾಗೋ ವಿಷಯ, ಎಂದು ಅರ್ಥ. ಮಿಕ್ಕವರೂ ತಲೆ ಆಡಿಸಿದರು. ಉಪಮುಖ್ಯೋಪಾಧ್ಯಾಯರಂತೂ ನಾನು ಹೇಳಿದ್ದನ್ನು ಬರೆದುಕೊಂಡರು. ಒಬ್ಬನೇ ಒಬ್ಬ ಎದುರಾಡಲಿಲ್ಲ.

"ದ್ವಾರಕಾ-ಸಾನ್‌ಗೇ ಬಿಡೋಣ," ಎಂದ ಕಿಕುಚಿ ಕೊನೆಗೆ.

ಸರ್ವಾನುಮತ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ; ಇವರು ತಲೆಯನ್ನೇ ಅಲ್ಲಾಡಿಸಿದರು. ಇಷ್ಟು ಸುಲಭವಾಗಿ ಒಪ್ಪುವ ಜನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿದ್ದರೆ ನಾನು ಆ ರಸ್ತೆಯನ್ನೇ ಕೊಳ್ಳುತ್ತಿದ್ದೆ.

ಡಿಸೆಂಬರ್ 21

ಪಂಪಿಗೆ ಬಿರಡೆ, ಪೆಟ್ರೋಲ್ ಟ್ಯಾಂಕಿಗೆ ಕೆಂಪು ಆಯಿಲ್, ಮೂರನೇ ಎಳೆತಕ್ಕೆ ಮುದುಕಿ ಎದ್ದಳು. ಆ ಸದ್ದು! ಆ ನೀಲಿ ಹೊಗೆ! ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ನಿಂತ ಹಾಗಾಯಿತು. ಉಪಮುಖ್ಯೋಪಾಧ್ಯಾಯರು ಕರವಸ್ತ್ರ ಮೂಗಿಗೆ ಹಿಡಿದು ಅಭಿನಂದಿಸಿದರು. ಅಮೂಲ್ಯ "ಕುಸಾಯ್!" ಎಂದು ಮೂಗು ಮುಚ್ಚಿ ನಕ್ಕಳು. ನಾರಲಿ. ಜೀವ ಇರುವುದೆಲ್ಲ ನಾರುತ್ತದೆ.

ಮೊದಲ ಸುತ್ತು ಜಾಡು ಹಾಕಿ ಬಂದೆ. ಸೊಟ್ಟಗಿದೆ ಎಂದು ಮಗಳ ದೂರು.

ಡಿಸೆಂಬರ್ 24

ಶೆಡ್ಡಿನ ಬಾಗಿಲಲ್ಲಿ ಒಂದು ಡಬ್ಬಿ ಆಯಿಲ್. ಹಿಮಬಿಲ್ಲೆಯ ಚಿತ್ರದ್ದೇ. ಚೀಟಿ ಇಲ್ಲ, ಏನಿಲ್ಲ. ಹಿಮದಲ್ಲಿ ಟ್ರಾಕ್ಟರಿನ ಗುರುತು ನೋಡಿದರೆ ಕಿಕುಚಿಯದು. ವರ್ಷಾಂತ್ಯದ ಉಡುಗೊರೆ ಇರಬೇಕು. ಇಲ್ಲಿ ಉಡುಗೊರೆ ತೆಗೆದುಕೊಂಡರೆ ತಕ್ಕ ಮರು-ಉಡುಗೊರೆ ಕೊಡಬೇಕು, ಇಲ್ಲದಿದ್ದರೆ ಹೆಸರು ಕೆಡುತ್ತದೆ. ಭಾಮೆ ಕರಿದಿದ್ದ ಕೋಡುಬಳೆ ಒಂದು ಡಬ್ಬಿ ತುಂಬಿ ಅವನ ಮನೆಗೆ ಕೊಟ್ಟು ಬಂದೆ. ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, "ಅರಿಗಾತೋ" ಎಂದು ಧನ್ಯವಾದ ಹೇಳಿ ಮುಚ್ಚಿದ.

ಭಾಮೆ ಹೇಳುತ್ತಾಳೆ: "ಅದು ಗಿಫ್ಟ್ ಅಲ್ಲ ರೀ. ಅವರು ಮಾತಾಡಿದ್ದು ಅದು."

"ಮಾತಾಡೋಕೆ ದೇವರು ಬಾಯಿ ಕೊಟ್ಟಿಲ್ವಾ?"

"ಕೊಟ್ಟಿದ್ದನ್ನೆಲ್ಲ ನಿಮ್ಮ ಥರ ಒಂದೇ ದಿನದಲ್ಲಿ ಖರ್ಚು ಮಾಡಲ್ಲ ಅವರು."

ಆಯಿಲ್ ಡಬ್ಬಿಯನ್ನು ನನ್ನ ಟ್ರಾಕ್ಟರ್ ಯಾರ್ಡಿನ ಆಫೀಸಿನ ಕಪಾಟಿನಲ್ಲಿಟ್ಟು ಬೆಲೆಚೀಟಿ ಅಂಟಿಸಿದೆ. ಯಾರಾದರೂ ಓದಿದವರು ಬಂದರೆ ಕೊಳ್ಳಲಿ.

ಜನವರಿ 6

ರಜೆಯಲ್ಲೂ ಬಿಡುವಿಲ್ಲ. ದಿನಾ ಹಿಮ, ದಿನಾ ಜಾಡು. ಸಂಬಳವಿಲ್ಲದ ಕೆಲಸಕ್ಕೆ ಮನುಷ್ಯ ಎಷ್ಟು ಬೇಗ ಏಳುತ್ತಾನೆ ಎಂದು ನನ್ನನ್ನು ನೋಡಿಯೇ ತಿಳಿಯಬೇಕು. ನಾನು ಗಾಡಿಯಲ್ಲಿ ಮುಂದೆ, ಅಮೂಲ್ಯ ಹಲಗೆಯ ಮೇಲೆ ಹಿಂದೆ. ಹತ್ತುವಾಗ ಅವಳ ಎಡಗಾಲು ಸ್ವಲ್ಪ ಹೊರಗೆ ಹೋಗುತ್ತದೆ. ನಾನೇನೂ ಅವಳನ್ನು ನೋಡುತ್ತಿರಲಿಲ್ಲ. ಜಾಡಿನ ಎಡಗೆರೆ ಅಲ್ಲಲ್ಲಿ ಕುಸಿದದ್ದು ಕಂಡು ಗೊತ್ತಾಯಿತು. ಹೇಳಿದೆ. "ವಾಕತ್ತೆರು," ಎಂದಳು. ಗೊತ್ತು ಬಿಡು, ಅಂತ. ಇಳಿಜಾರಿನಲ್ಲಿ ಮಾತ್ರ ಅವಳು ಬಯಲುಸೀಮೆಯಿಂದ ಬಂದವಳ ಹಾಗಲ್ಲ, ಗುಡ್ಡದಲ್ಲೇ ಹುಟ್ಟಿದವಳ ಹಾಗೆ.

ಜನವರಿ 14

ಮೈನಸ್ ಇಪ್ಪತ್ತನಾಲ್ಕು. ಮೂಗಿನ ಕೂದಲೂ ಸೆಟೆದು ನಿಂತಿತು. ಆಯಿಲ್ ಡಬ್ಬಿಯಿಂದ ಜೇನಿನ ಹಾಗೆ ಇಳಿಯಿತು. ಟ್ಯಾಂಕಿಗೆ ಸುರಿದು ನಾಲ್ಕರ ಬದಲು ಹತ್ತು ಸಲ ಅಲ್ಲಾಡಿಸಿದೆ. ಎಳೆದೂ ಎಳೆದೂ ತೋಳು ಬಿದ್ದುಹೋದ ಮೇಲೆ ಎದ್ದಳು, ಕೆಮ್ಮಿದಳು, ಗುಡ್ಡವೇ ಕಾಣದಷ್ಟು ಹೊಗೆ ಉಗುಳಿ ಮಲಗಿದಳು. ಪ್ಲಗ್ಗುಗಳು ಎಣ್ಣೆಯಲ್ಲಿ ಅದ್ದಿದ ಬಜ್ಜಿಯಂತಿದ್ದವು. ಹೊಸವು ಹಾಕಿದೆ. ಈ ಪ್ಲಗ್ ಮಾಡುವವರಿಗೂ ಒಂದು ನಮಸ್ಕಾರ.

ಜನವರಿ 19, ಭಾನುವಾರ

ನಿಂತಿತು. ಗುಡ್ಡದ ನೆತ್ತಿಗೆ ಇನ್ನು ಇಪ್ಪತ್ತು ಮಾರು ಇತ್ತು. ಮೊದಲು ಸದ್ದು ಸಣ್ಣಗಾಯಿತು, ಹೊಗೆ ಹೋಯಿತು. ಇವತ್ತು ಚೆನ್ನಾಗಿ ಓಡುತ್ತಿದೆಯಲ್ಲ ಎಂದುಕೊಂಡೆ. ಆಮೇಲೆ ಕಬ್ಬಿಣ ಕಬ್ಬಿಣವನ್ನು ಕಚ್ಚುವ ಆ ಕಿರುಚು. ಆ ಸದ್ದಿನ ಅರ್ಥವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಕೇಳಿಸಿಕೊಂಡು ಬಂದವರಿಗೇ ಹನ್ನೆರಡು ವರ್ಷ ಪಿಸ್ಟನ್ ಮಾರಿದ್ದು.

ಅಮೂಲ್ಯ ಹಿಂದಿನಿಂದ ಹತ್ತಿ ಬಂದಳು. ಗಾಡಿಯನ್ನು ನೋಡಿದಳು. "ಫೆಬ್ರವರಿಗೆ ಸರಿ ಆಗುತ್ತಾ" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬಗ್ಗಿ ಪ್ಲಗ್ಗು ನೋಡತೊಡಗಿದೆ. ಕಿಕುಚಿಯನ್ನು ಕರೆಯುತ್ತೇನೆಂದು ಇಳಿಜಾರಿನಲ್ಲಿ ಹೊರಟೇಹೋದಳು. ಎಡಗಾಲು ನೆಟ್ಟಗೇ ಇತ್ತು.

ಅವನು ಟ್ರಾಕ್ಟರ್ ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಶೆಡ್ಡಿನ ಮುಂದೆ "ದಣಿದಿರಿ" ಎಂದು ತಲೆ ಬಾಗಿಸಿ ಹೊರಟ. ನಾಲ್ಕು ಬೈದಿದ್ದರೆ ನಾನು ಎಂಟು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಜನವರಿ 20

ಬಿಚ್ಚಿದೆ. ಎರಡೂ ಪಿಸ್ಟನ್‌ಗಳ ಮೈಮೇಲೆ ಉಗುರಿನಿಂದ ಗೀರಿದ ಹಾಗೆ ಬರೆ. ಒಂದು ಸಿಲಿಂಡರ್ ಹೋಗಿದೆ.

ಕೆಟ್ಟ ಪೆಟ್ರೋಲು, ಕೆಟ್ಟ ಪ್ಲಗ್ಗು, ಕೆಟ್ಟ ದೇಶ ಎಂದು ಮಧ್ಯಾಹ್ನದವರೆಗೆ ನಂಬಿದ್ದೆ. ಆಮೇಲೆ ಉಪ್ಪಿನಕಾಯಿ ಬಾಟಲಿಗೆ ಪೆಟ್ರೋಲ್ ಹಾಕಿ, ಆಯಿಲ್ ಡಬ್ಬಿಯನ್ನೂ ಜೊತೆಗೆ ಹೊರಗಿಟ್ಟು, ಎರಡೂ ಚಳಿ ಹಿಡಿದ ಮೇಲೆ ಒಂದಕ್ಕೊಂದು ಸುರಿದೆ. ಅಲ್ಲಾಡಿಸಿದೆ. ಮೇಲೆ ಸ್ವಚ್ಛ ಪೆಟ್ರೋಲು, ತಳದಲ್ಲಿ ಕೆಂಪಗೆ ಆಯಿಲ್ಲು. ಅತ್ತೆ ಸೊಸೆಯ ಹಾಗೆ ಒಂದೇ ಮನೆಯಲ್ಲಿ ಬೇರೆ ಬೇರೆ ಕೂತಿವೆ. ತಳದಿಂದ ಹೀರುವ ಇಂಜಿನ್ನಿಗೆ ಮೊದಲು ಬರೀ ಆಯಿಲ್, ಆಮೇಲೆ ಬರೀ ಪೆಟ್ರೋಲ್. ಆಯಿಲ್ ಇಲ್ಲದ ಪಿಸ್ಟನ್ ಗುಡ್ಡ ಹತ್ತುವಾಗ ಏನಾಗುತ್ತದೆ ಎಂದು ಬರೆದು ಕಾಗದ ಹಾಳು ಮಾಡುವುದಿಲ್ಲ.

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಯಾವತ್ತೂ ಮೈನಸ್ ಇಪ್ಪತ್ತನಾಲ್ಕು ಇರಲಿಲ್ಲ. ಇದು ಸಬೂಬಲ್ಲ, ಹವಾಮಾನ.

ಅಮೂಲ್ಯ ಬಂದು ಬಾಟಲಿ ನೋಡಿ ಹೋದಳು. ಊಟಕ್ಕೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಜನವರಿ 22

ಸಭೆ. ಉಗಿಸಿಕೊಳ್ಳಲು ತಯಾರಾಗಿ ಹೋದೆ, ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು. ಅವರೇ ಎದ್ದು ನಿಂತು ನನಗೆ ತಲೆ ಬಾಗಿಸಿದರು! ಇಷ್ಟು ಭಾರದ ಕೆಲಸವನ್ನು ನಿಮ್ಮೊಬ್ಬರ ಮೇಲೆ ಹಾಕಿದ್ದು ನಮ್ಮ ತಪ್ಪಂತೆ. ಅವಮಾನ ಮಾಡುವುದನ್ನು ಇವರು ಯಾವ ಶಾಲೆಯಲ್ಲಿ ಕಲಿತರೋ, ಅದನ್ನು ಮಾತ್ರ ಮುಚ್ಚಬಾರದು.

ಉಪಮುಖ್ಯೋಪಾಧ್ಯಾಯರು ಪಟ್ಟಣದ ಶಿಕ್ಷಣ ಕಚೇರಿಯ ಪತ್ರ ಓದಿದರು. ಫೆಬ್ರವರಿ ಆರಕ್ಕೆ ಅಧಿಕಾರಿ ಬಂದು ನೋಡುತ್ತಾರೆ. ಜಾಡು ಇಲ್ಲದಿದ್ದರೆ ಓಟ ಪಟ್ಟಣದ ಶಾಲೆಯ ಬಯಲಿಗೆ. ಮೊದಲ ಸುತ್ತು ಆ ಶಾಲೆಯ ಆರನೇ ತರಗತಿಯವರದು.

ನನಗೆ ತಡೆಯಲಾಗಲಿಲ್ಲ. "ಹುಲ್ಲಿನ ಮೆಷಿನ್ನಿನ ಆಯಿಲ್ ಈ ಚಳಿಗೆ ಆಗುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ?"

ಮೇಜು ನೋಡಿದರು. ಎಲ್ಲರಿಗೂ ಗೊತ್ತಿತ್ತು.

"ಮತ್ತೆ ಯಾಕೆ ಹೇಳಲಿಲ್ಲ? ಎಲ್ಲರೂ ತಲೆ ಆಡಿಸಿದಿರಲ್ಲ!"

ಕಿಕುಚಿ ಬಹಳ ಹೊತ್ತು ಮೆಲುಕು ಹಾಕಿದ. "ಕೇಳಿಸಿಕೊಳ್ಳುತ್ತಿದ್ದೇವೆ ಎಂದು ಆಡಿಸಿದ್ದು," ಎಂದ. "ದ್ವಾರಕಾ-ಸಾನ್ ತುಂಬ ಸಂತೋಷದಿಂದ ಮಾತಾಡುತ್ತಿದ್ದಿರಿ. ನಡುವೆ ಎಲ್ಲಿ ಬಾಯಿ ಹಾಕುವುದೋ ತಿಳಿಯಲಿಲ್ಲ."

ಮೌನ ಬಂಗಾರವಂತೆ. ಆ ಬಂಗಾರ ಅಡವಿಟ್ಟರೂ ಒಂದು ಪಿಸ್ಟನ್ ಬರುವುದಿಲ್ಲ. "ಇನ್ನು ಮೇಲೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿ, ನಾನು ಮಾತಾಡುತ್ತಿದ್ದರೂ ಹೇಳಿ," ಎಂದು ಮೇಜು ಕುಟ್ಟಿದೆ.

ಜನವರಿ 23

ಅಮೂಲ್ಯ ಹಲಗೆಗಳಿಗೆ ಮೇಣ ಹಚ್ಚುತ್ತಿದ್ದಳು. "ಪಟ್ಟಣದ ಬಯಲಲ್ಲಾದ್ರೂ ಓಡ್ತೀಯಲ್ಲ ಪುಟ್ಟಿ," ಎಂದೆ.

"ಇಟ್ಸ್ ಫೈನ್," ಎಂದಳು. "ದಾಯಿಜೋಬು."

ಸರಿಯಿದೆ ಎಂದು ಎರಡು ಭಾಷೆಯಲ್ಲಿ ಹೇಳಿದರೆ ಸರಿಯಿಲ್ಲ ಎಂದರ್ಥ. ನನ್ನ ಜೊತೆ ವಾದ ಮಾಡುವುದನ್ನು ಈ ಹುಡುಗಿ ಯಾವಾಗ ಬಿಟ್ಟಳು?

ಜನವರಿ 25

ತಪ್ಪು ಮಾಡಿದೆ, ಬಾಯಿಬಿಡಿ ಎನ್ನಬಾರದಿತ್ತು. ಕಟ್ಟೆ ಒಡೆದಿದೆ. ನಿನ್ನೆಯಿಂದ ಶೆಡ್ಡಿಗೆ ಸರದಿಯ ಮೇಲೆ ಬರುತ್ತಿದ್ದಾರೆ. ಅಂಚೆ ಹಂಚುವ ಹೆಂಗಸು, ಗಾಡಿಗೆ ರಜಾಯಿ ಹೊದಿಸಿ ಎಂದಳು. ಉಪಮುಖ್ಯೋಪಾಧ್ಯಾಯರು, ನನ್ನ ಜಪಾನಿ ಅವಸರದ್ದು, ಅರ್ಧ ಮಾತ್ರ ತಿಳಿಯುತ್ತದೆ ಎಂದು ಕ್ಷಮೆ ಕೇಳಿ ಹೇಳಿದರು. ಆರು ವರ್ಷದಿಂದ ಹೇಳಬೇಕೆಂದಿದ್ದರಂತೆ. ಕಿಕುಚಿಯ ಹೆಂಡತಿ, ಕೋಡುಬಳೆ ಹಲ್ಲಿಗೆ ಗಟ್ಟಿಯಾಯಿತು, ಆದರೂ ಮುಗಿಯಿತು ಎಂದಳು. ಆಯಿಲ್ ಬಗ್ಗೆ ಐದು ಮನೆಯಿಂದ ಐದು ಮತ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ: ಎರಡು ಜಾತಿಯ ಆಯಿಲ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ತಾಗಿದರೆ ಲೋಳೆಯಾಗುತ್ತವೆ.

ನನಗೆ ಗಂಟಲು ಕೆಟ್ಟಿದೆ, ಹೆಚ್ಚು ಮಾತಾಡಲಿಲ್ಲ.

ಜನವರಿ 28

ಅಸಾಹಿಕಾವಾ ನಗರದ ಗುಜರಿಯಲ್ಲಿ ಅದೇ ತಳಿಯ ಸತ್ತ ಗಾಡಿ. ಸಿಲಿಂಡರ್ ಚೆನ್ನಾಗಿದೆ. ಗುಜರಿಯವನು ಅದನ್ನು ತನ್ನ ತಾಯಿಯ ಒಡವೆಯೆಂಬಂತೆ ಬಟ್ಟೆಯಲ್ಲಿ ಒರೆಸುತ್ತ ಕೂತ. ಹಳೆ ಕಬ್ಬಿಣಕ್ಕೆ ಇಷ್ಟು ನಾಟಕ ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ. ಜಾಸ್ತಿ ಚೌಕಾಸಿ ಮಾಡದೆ ತಂದೆ, ಹೊತ್ತಿರಲಿಲ್ಲ. ಹೊಸ ಪಿಸ್ಟನ್ನಿಗೆ ಆರ್ಡರ್ ಹಾಕಿದೆ.

ಫೆಬ್ರವರಿ 2

ಪಂಪಿನ ಬಿರಡೆ ತೆಗೆದೆ. ಟ್ಯಾಂಕು, ಕೊಳವೆ ಎಲ್ಲ ತೊಳೆದೆ. ಆ ಕಷಾಯವನ್ನು ಕೊನೆಯ ಹನಿಯವರೆಗೆ ತೆಗೆದೆ. ಕಿಕುಚಿ ಬಂದು ಬೋಗುಣಿ ಹಿಡಿದ, ಕರೆದಿರಲಿಲ್ಲ.

ಯಾವ ಆಯಿಲ್ ಎಂಬುದಕ್ಕೆ ವಿವೇಕನಿಗೆ ನಾನೇ ಫೋನ್ ಮಾಡಿದೆ.

"ಆ ಕೋಷ್ಟಕ ಓದೋ."

"ಡಿಲೀಟ್ ಮಾಡಿದ್ರಾ ಭಾವ?"

"ಕನ್ನಡಕ ಇಲ್ಲ. ನಿಧಾನಕ್ಕೆ ಓದು."

ಓದಿದ. ಹರಿವು ನಿಲ್ಲುವ ಚಳಿ, ಹೊಗೆಯ ದರ್ಜೆ, ಪಂಪಿಗೆ ಹೊಂದುತ್ತದೋ ಇಲ್ಲವೋ. ಇಂಥ ಚಳಿಗೆ ಹೊಂದುವಂಥವು ಎರಡೇ ಉಳಿದವು. ಅದರಲ್ಲಿ ಒಂದು ನನ್ನ ಕಪಾಟಿನಲ್ಲಿ ಬೆಲೆಚೀಟಿ ಅಂಟಿಸಿಕೊಂಡು ಕೂತಿದೆ. ಹುಡುಗನ ಧ್ವನಿ ಚೆನ್ನಾಗಿದೆ. ಇಂಜಿನಿಯರ್ ಆಗಿ ಹಾಳಾದ.

ಚೀಟಿ ಕಿತ್ತು ಡಬ್ಬಿ ತಂದೆ. ಕಿಕುಚಿ ಅಂಟಿನ ಗುರುತು ನೋಡಿದ. "ಎಷ್ಟಕ್ಕೆ ಇಟ್ಟಿದ್ದಿರಿ?" ಎಂದು ಕೇಳಿದ. ಹೇಳಿದೆ. "ಅಗ್ಗ," ಎಂದ. ಈ ಮನುಷ್ಯ ತಮಾಷೆ ಮಾಡಬಲ್ಲನೆಂದು ಯಾರಿಗೆ ಗೊತ್ತಿತ್ತು.

ಫೆಬ್ರವರಿ 5

ಎದ್ದಳು. ಹೊಗೆ ಹುಡುಕಬೇಕು, ಅಷ್ಟು ಕಮ್ಮಿ. ಕೊಳವೆಯಲ್ಲಿ ಆಯಿಲ್ ತೆಳ್ಳಗೆ ಸರಿಯುವುದನ್ನು ಕಿಕುಚಿಯೂ ನಾನೂ ಟಾರ್ಚು ಬಿಟ್ಟು ನೋಡುತ್ತ ನಿಂತೆವು.

ಫೆಬ್ರವರಿ 6

ಅಧಿಕಾರಿ ಬಂದ. ಹೊಳೆಯುವ ಬೂಟು. ಜಾಡಿನ ಆಳಕ್ಕೆ ಪಟ್ಟಿ ಹಿಡಿದು ಅಳೆದ. ಗುಡ್ಡದ ಅರ್ಧಕ್ಕೇ ಏದುಸಿರು ಬಿಟ್ಟು, ಮೇಲೂ ಹೀಗೇ ಇದೆಯೇ ಎಂದು ಕೇಳಿದ. ಇದೆ ಎಂದೆವು. ಕಾಗದಕ್ಕೆ ಮುದ್ರೆ ಒತ್ತಿದ. ಮೇಲೆ ಹತ್ತಿ ನೋಡದವನ ಮುದ್ರೆಗೆ ಇಷ್ಟು ಜನ ಬಾಗಿದ್ದು ನೋಡಿ ನಗು ಬಂತು. ನಾನೂ ಬಾಗಿದೆ.

ಫೆಬ್ರವರಿ 9, ಭಾನುವಾರ

ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹೊಸ ಹಿಮ. ನಿನ್ನೆಯ ಜಾಡು ಹೇಳಹೆಸರಿಲ್ಲ. ಬಯಲಿನಲ್ಲಿ ನಾಲ್ಕು ಶಾಲೆಗಳ ಮಕ್ಕಳು, ಅವರ ಅಜ್ಜಿಯರು, ಹಂದಿಸಾರು ಕಾಯಿಸುವ ಹಂಡೆ, ಬಿಳಿ ಡೇರೆ. ಓಟ ತಡಮಾಡಲಾಗದು. ಹಾಗಾಗಿ ಜಾಡೂ ಮೊದಲ ಸುತ್ತೂ ಒಟ್ಟಿಗೇ ಎಂದು ತೀರ್ಮಾನವಾಯಿತು: ಮುಂದೆ ಗಾಡಿ, ಬೆನ್ನಿಗೇ ಅಮೂಲ್ಯ.

ಹೊರಡುವ ಮುಂಚೆ ಎದೆಗೆ ಕಟ್ಟಿದ ಓಟದ ನಂಬರಿನ ಬಿಳಿ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಳು. ಭಾಮೆ ಅದರ ದಾರ ಕಟ್ಟಿದಳು. ನನಗೆ ಹೇಳಲು ಬಹಳ ಇತ್ತು: ಎಡಗಾಲು, ಉಸಿರು, ಹೊಸ ಹಿಮ. ಹೇಳಲಿಲ್ಲ. ಹೆಲ್ಮೆಟ್ ಹಾಕಿಕೊಂಡೆ.

ಜಾಡು ಹಾಕುವವನು ಹಿಂತಿರುಗಿ ನೋಡಬಾರದು. ನೋಡಿದರೆ ಗೆರೆ ಸೊಟ್ಟಗಾಗುತ್ತದೆ. ಕನ್ನಡಿಯೂ ಇಲ್ಲ. ಬಯಲು ದಾಟಿದೆ, ಮರಗಳ ಸಾಲು ದಾಟಿದೆ, ಗುಡ್ಡ ಹಿಡಿದೆ. ಹೊಸ ಹಿಮದಲ್ಲಿ ಚೌಕಟ್ಟು ಭಾರವಾಗಿ ಎಳೆಯಿತು. ಇಂಜಿನ್ನಿನ ಸದ್ದು ಇಳಿಯಿತು. ಹೋದ ಸಲ ನಿಂತ ಜಾಗ ಹತ್ತಿರ ಬರುತ್ತಿತ್ತು. ನನ್ನ ಕೈ ತಾನಾಗಿ ಆಕ್ಸಿಲರೇಟರ್ ಸಡಿಲಿಸಿತು. ಅವಳು ಬರುತ್ತಿದ್ದಾಳೋ ಇಲ್ಲವೋ, ಬಿದ್ದಳೋ, ಒಂದು ಸಲ ನಿಂತು ನೋಡೋಣ ಎನ್ನಿಸಿತು.

"ಅಪ್ಪಾ! ನಿಲ್ಲಬೇಡ! ಹೋಗು!"

ಕನ್ನಡದಲ್ಲಿ. ಇಷ್ಟು ಹತ್ತಿರದಿಂದ, ಬೆನ್ನಿಗೆ ತಾಗುವ ಹಾಗೆ. ಹುಡುಗಿ ನನಗಿಂತ ಜೋರಾಗಿ ಹತ್ತುತ್ತಿದ್ದಾಳೆ, ನಾನೇ ಅವಳ ದಾರಿಗೆ ಅಡ್ಡ.

ಹೋದೆ. ಪೂರ್ತಿ ಹಿಂಡಿದೆ. ನೆತ್ತಿ ಹತ್ತಿ, ಇಳಿದು, ಬಯಲು ಸುತ್ತಿ, ಹೊರಟಲ್ಲಿಗೇ ಬಂದು ನಿಂತ ಮೇಲೆಯೇ ತಿರುಗಿ ನೋಡಿದ್ದು. ಎರಡು ಗೆರೆ ನೆಟ್ಟಗೆ ಬಂದಿದ್ದವು, ಅವುಗಳೊಳಗೆ ಅವಳು. ಹುಬ್ಬಿನ ಮೇಲೆಲ್ಲ ಮಂಜು. ಅಜ್ಜಿಯರು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಯಾರನ್ನೂ ನೋಡದೆ ಬಗ್ಗಿ, ಮೊಣಕಾಲ ಮೇಲೆ ಕೈಯಿಟ್ಟು ಉಸಿರಾಡುತ್ತ ನಿಂತಳು.

ಆಮೇಲಿನ ಓಟದಲ್ಲಿ ನಾಲ್ಕನೆಯವಳಾದಳು. ಬಯಲಿನಲ್ಲಿ ಇಬ್ಬರು ಹಿಂದೆ ಹಾಕಿದರು, ಗುಡ್ಡದಲ್ಲಿ ಮೂವರನ್ನು ಇವಳು ಹಿಂದೆ ಹಾಕಿದಳು. ನಾಲ್ಕನೆಯವರಿಗೆ ಪದಕವಿಲ್ಲ. ಮೂರಕ್ಕೇ ನಿಲ್ಲಿಸುವ ನಿಯಮ ಮಾಡಿದವನು ಯಾವತ್ತೂ ಗುಡ್ಡ ಹತ್ತಿಲ್ಲ.

ಫೆಬ್ರವರಿ 16

ಓಟ ಮುಗಿದು ವಾರವಾಯಿತು, ಜಾಡಿನ ಅಗತ್ಯ ಯಾರಿಗೂ ಇಲ್ಲ. ಆದರೆ ಹೊಸ ಪಿಸ್ಟನ್ ಕೂರಿಸಿದ ಮೇಲೆ ಇಂಜಿನ್ನನ್ನು ಸುಮ್ಮನೆ ನಿಲ್ಲಿಸಬಾರದು, ಸ್ವಲ್ಪ ದಿನ ಹದವಾಗಿ ಓಡಿಸಿ ಪಳಗಿಸಬೇಕು. ಆ ಕಾರಣಕ್ಕೆ ದಿನಾ ಬೆಳಗ್ಗೆ ಹೋಗುತ್ತಿದ್ದೇನೆ. ಹಾಕಿದ ಜಾಡು ಸುಮ್ಮನೆ ಯಾಕೆ ಹಾಳಾಗಬೇಕೆಂದು ಅಮೂಲ್ಯ ಬರುತ್ತಾಳೆ. ಇವತ್ತು ಕಿಕುಚಿಯ ಹೆಂಡತಿಯೂ ಅಂಚೆಯ ಹೆಂಗಸೂ ಹಲಗೆ ಕಟ್ಟಿಕೊಂಡು ಬಂದಿದ್ದರು. ಹಂದಿಯ ಹಾಗೆ ಬಿದ್ದರು, ಎದ್ದರು, ನಕ್ಕರು. ಮಾಡಲು ಕೆಲಸವಿಲ್ಲದ ಜನ.

ಗಾಡಿ ಶೆಡ್ಡಿಗೆ ಹಾಕುವಾಗ ಕಿಕುಚಿ ಬಂದ. ಕೈಯಲ್ಲಿ ಪೆನ್ಸಿಲು, ಕೃಷಿ ಸಂಘದ ಆರ್ಡರ್ ಕಾಗದ.

"ಮುಂದಿನ ಚಳಿಗಾಲಕ್ಕೆ ಆಯಿಲ್," ಎಂದ. "ಎಷ್ಟು ಲೀಟರ್?"

ಮುಂದಿನ ಚಳಿಗಾಲಕ್ಕೆ ಶಾಲೆಯೇ ಇರುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಶೆಡ್ಡಿನ ಸೂರಿನಿಂದ ಹಿಮ ಜಾರಿ ಬಿತ್ತು. ಅವನು ಕಾಯುತ್ತ ನಿಂತ. ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ನಾಲ್ಕು," ಎಂದೆ.

ಅವನು ಐದು ಬರೆದುಕೊಂಡ.